ಸೋದರಮಾವನ ಮದುವೆಯೂ ಜೆಡ್‌ಮ್ಯಾಚ್ ಲೆಕ್ಕವೂ: ನನ್ನ ಅನುಭವ

ನಮ್ಮಜ್ಜಿ, ಅಂದರೆ ಅವ್ವನ ತಾಯಿ, ಮದುವೆಯಾದದ್ದು ತನ್ನ ಸ್ವಂತ ಸೋದರಮಾವನನ್ನು. ಸಿರುಗುಪ್ಪ ತಾಲೂಕಿನ ಆ ಊರಲ್ಲಿ ಆಗ ಇದೊಂದು ಮಾತಾಡುವ ವಿಷಯವೇ ಆಗಿರಲಿಲ್ಲ. ಹೊಲ ಮನೆಯೊಳಗೇ ಉಳಿಯುತ್ತದೆ, ಹೆಣ್ಣುಮಗು ಕಣ್ಣೆದುರಿಗೇ ಇರುತ್ತದೆ, ಅಷ್ಟೆ. ಗಂಗಾವತಿಯ ನಮ್ಮಪ್ಪನ ಕಡೆಯೂ ಇಂಥ ಮದುವೆಗಳು ಬೇಕಾದಷ್ಟು. ಡಿಎನ್‌ಎ ಹಿಡಿದು ಮನೆತನದ ಚರಿತ್ರೆ ಹುಡುಕಲು ಕೂತಾಗ ನನ್ನ ತಲೆ ತಿಂದದ್ದು ಇವೇ. ‘ಇವರು ನಿಮಗೆ ಇಷ್ಟನೇ ತಲೆಮಾರಿನಲ್ಲಿ ಸೇರುತ್ತಾರೆ’ ಎಂದು ಜೆಡ್‌ಮ್ಯಾಚ್‌ನಂಥ (GEDmatch) ಸಾರ್ವಜನಿಕ ಡಿಎನ್‌ಎ ಡೇಟಾಬೇಸ್‌ಗಳು ಕೊಡುವ ಅಂದಾಜು, ಗಂಡನೂ ಹೆಂಡತಿಯೂ ಬೇರೆ ಬೇರೆ ಮನೆತನದವರು ಎಂದು ನಂಬಿ ಹಾಕಿದ ಲೆಕ್ಕ. ನಮ್ಮ ಮನೆಗಳಿಗೆ ಅದು ಹೊಂದುವುದಿಲ್ಲ. ಹಾಗಂತ ಬಿಟ್ಟುಬಿಡುವಂಥದ್ದೂ ಅಲ್ಲ.

ನನಗೆ ಬೇಕಿದ್ದದ್ದು ಒಬ್ಬನೇ ಮನುಷ್ಯ: ಅಜ್ಜಿಯ ಅಪ್ಪನ ಕಡೆಯ ಅಜ್ಜನಿಗಿದ್ದ ತಮ್ಮ. “ಧಾತು ಬರದಾಗ ಮನೀ ಬಿಟ್ಟು ಹೋದಾಂವ, ಸುದ್ದೀನ ಇಲ್ಲ” ಎಂದು ಅಜ್ಜಿ ಹೇಳುತ್ತಿದ್ದಳು. 1876ರಿಂದ 78ರವರೆಗಿನ ಆ ಬರ ಬಳ್ಳಾರಿ ಸೀಮೆಯನ್ನು ಹಿಂಡಿ ಹಾಕಿತ್ತು. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮದ್ರಾಸ್ ಬಂದರಿನಿಂದ ದಕ್ಷಿಣ ಆಫ್ರಿಕಾದ ನಟಾಲ್, ಮಾರಿಷಸ್‌ ಕಡೆ ಕೂಲಿಗೆ ಜನ ಹಡಗು ಹತ್ತುತ್ತಿದ್ದರು. 1860ರಿಂದ 1911ರ ನಡುವೆ ನಟಾಲಿಗೊಂದಕ್ಕೇ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಕರಾರಿನ ಮೇಲೆ ಹೋಗಿದ್ದಾರೆ. ಹೋದವರ ಮಕ್ಕಳು ಮೊಮ್ಮಕ್ಕಳು ಇಂದು ತಮ್ಮ ಊರು ಯಾವುದೆಂದು ಹುಡುಕುತ್ತಾ ಡಿಎನ್‌ಎ ಮಾಡಿಸುತ್ತಾರೆ. ಇಲ್ಲಿ ಉಳಿದ ನಾವು ಮಾಡಿಸುವುದು ಕಡಿಮೆ. ಅದಕ್ಕೇ ನಮ್ಮ ಕಡೆಯವರು ಒಬ್ಬರು ಫೈಲ್ ಹಾಕಿದರೂ ಡರ್ಬನ್‌ನಲ್ಲೋ ಪೋರ್ಟ್ ಲೂಯಿಯಲ್ಲೋ ಯಾರಿಗೋ ಗಂಟೆ ಬಾರಿಸುತ್ತದೆ.

ಪರೀಕ್ಷೆಗೆ ನನಗಿಂತ ಅವ್ವನ ಎಂಜಲು ಮುಖ್ಯವಾಗಿತ್ತು. ಹಳೆಯ ಪೂರ್ವಜನಿಗೆ ಅವ್ವ ನನಗಿಂತ ಒಂದು ತಲೆಮಾರು ಹತ್ತಿರ. ಆತನ ಅಂಶ ನನಗೆ ಬಂದದ್ದರ ಸರಾಸರಿ ಎರಡರಷ್ಟು ಅವಳಲ್ಲಿರುತ್ತದೆ. ಮನೆಯಲ್ಲಿ ಹಿರಿಯರಿದ್ದರೆ ಮೊದಲು ಅವರದ್ದು ಮಾಡಿಸಿ, ನಿಮ್ಮದು ಆಮೇಲೆ. ಅಮೆರಿಕದಲ್ಲಿ ತಂಗಿಯ ಮನೆಗೆ ಹೋದಾಗ ಅಲ್ಲೇ ಕಿಟ್ ತರಿಸಿದೆವು. ಅರ್ಧ ಗಂಟೆ ಮೊದಲಿನಿಂದ ಏನನ್ನೂ ಬಾಯಿಗೆ ಹಾಕುವಂತಿಲ್ಲ. ಎಲೆಅಡಿಕೆ ಇಲ್ಲದೆ ಅರ್ಧ ಗಂಟೆ ಎಂದರೆ ನಮ್ಮವ್ವನಿಗೆ ಒಂದು ಉಪವಾಸ. ಎಂಬತ್ತರ ಬಾಯಿ ಒಣಗಿತ್ತು, ನಳಿಗೆಯ ಗೆರೆ ಮುಟ್ಟುತ್ತಲೇ ಇಲ್ಲ. “ಹುಣಸೆಹಣ್ಣು ನೆನಸ್ಕೊಳವ್ವ” ಎಂದೆ. ಕಣ್ಣು ಮುಚ್ಚಿ ಕೂತಳು, ಸ್ವಲ್ಪ ಹೊತ್ತಿಗೆ ನಕ್ಕಳು, ನಳಿಗೆ ತುಂಬಿತು.

ಕಂಪನಿ ಕೊಟ್ಟ ಕಚ್ಚಾ ಫೈಲನ್ನು ಇಳಿಸಿಕೊಂಡು ಜೆಡ್‌ಮ್ಯಾಚ್‌ಗೆ ಏರಿಸಿದೆ. 2010ರಲ್ಲಿ ಇಬ್ಬರು ಹವ್ಯಾಸಿಗಳು ಕಟ್ಟಿದ ತಾಣ ಇದು. ಯಾವ ಕಂಪನಿಯಲ್ಲಿ ಪರೀಕ್ಷೆ ಮಾಡಿಸಿದವರೂ ಇಲ್ಲಿ ಫೈಲ್ ಹಾಕಿ ಒಬ್ಬರಿಗೊಬ್ಬರು ಹೋಲಿಸಿಕೊಳ್ಳಬಹುದು. ಏರಿಸಿದ ಮೇಲೆ ಒಂದು ಕಿಟ್ ನಂಬರ್ ಸಿಗುತ್ತದೆ, ಮುಂದಿನದೆಲ್ಲ ಆ ನಂಬರಿನ ಮೇಲೆಯೇ.

ಎಲ್ಲರೂ ಮೊದಲು ಒತ್ತುವುದು ಎಲ್ಲರೊಂದಿಗೆ ಹೋಲಿಸುವ ಗುಂಡಿಯನ್ನು. ನಾನು ಮೊದಲು ತೆಗೆದದ್ದು ‘ನಿಮ್ಮ ತಂದೆತಾಯಿ ಸಂಬಂಧಿಗಳೇ?’ ಎಂದು ನೋಡುವ ಸಾಧನ. ನಮಗೆಲ್ಲ ಪ್ರತಿ ವರ್ಣತಂತುವಿನ ಎರಡು ಪ್ರತಿ, ಅಪ್ಪನದೊಂದು ಅವ್ವನದೊಂದು. ಅಪ್ಪ ಅವ್ವ ಒಂದೇ ಮನೆಯವರಾದರೆ ಕೆಲವು ಕಡೆ ಎರಡೂ ಪ್ರತಿ ಅಕ್ಷರಶಃ ಒಂದೇ ಆಗಿಬಿಡುತ್ತವೆ. ಸೋದರಮಾವ ಮತ್ತು ಸೊಸೆಯ ಮಗುವಿಗೆ ಇಂಥ ಜಾಗ ಲೆಕ್ಕದ ಪ್ರಕಾರ ಎಂಟರಲ್ಲೊಂದು ಪಾಲು. ಅತ್ತೆಮಗ-ಮಾವನಮಗಳ ಮಗುವಿಗೆ ಹದಿನಾರರಲ್ಲೊಂದು. ಒಂದು ಪ್ರತಿಯ ಪೂರ್ತಿ ಉದ್ದ ಸುಮಾರು 3,500 ಸೆಂಟಿಮಾರ್ಗನ್ (ಡಿಎನ್‌ಎ ತುಂಡುಗಳನ್ನು ಅಳೆಯುವುದೇ ಇದರಲ್ಲಿ), ಹಾಗಾಗಿ ಅವ್ವನಿಗೆ 440ರ ಆಸುಪಾಸು ಬರಬೇಕು. ಬಂದದ್ದು 500 ದಾಟಿತ್ತು. ಅಜ್ಜಿಯ ಮದುವೆಗೂ ಹಿಂದೆ ಇನ್ನೆಷ್ಟು ಸೋದರಿಕೆ ಮದುವೆಗಳು ಕೂಡಿಕೊಂಡಿವೆಯೋ! ಆ ಜಾಗಗಳು ಎಲ್ಲೆಲ್ಲಿವೆ ಎಂಬ ಪಟ್ಟಿಯನ್ನು ತೆಗೆದಿಟ್ಟುಕೊಂಡೆ. ಅದು ಮುಂದೆ ಬಹಳ ಉಪಯೋಗಕ್ಕೆ ಬಂತು.

ಆಮೇಲೆ ಹೋಲಿಕೆ. ದಕ್ಷಿಣ ಆಫ್ರಿಕಾದ ಒಬ್ಬ ಹೆಣ್ಣುಮಗಳು ಅವ್ವನೊಂದಿಗೆ 96 ಸೆಂಟಿಮಾರ್ಗನ್ ಹಂಚಿಕೊಂಡಿದ್ದಳು. ತಾಣದ ಅಂದಾಜು 3.6 ತಲೆಮಾರು. ಅದನ್ನು ನಂಬಿದರೆ ಈಕೆ ಹೆಚ್ಚುಕಡಿಮೆ ಮೂರನೇ ಕಸಿನ್‌ಗಿಂತಲೂ (ಅಂದರೆ ಮುತ್ತಜ್ಜನ ಅಪ್ಪ ಅವ್ವ ಇಬ್ಬರಿಗೂ ಒಬ್ಬರೇ ಆಗಿರುವ ನೆಂಟರಿಗಿಂತಲೂ) ಹತ್ತಿರ. ಆ ಸಂಬಂಧಕ್ಕೆ ಸಂಶೋಧಕರು ಜನರಿಂದ ಕಲೆಹಾಕಿದ ಸರಾಸರಿ 73, ಅದೂ ಹೆಚ್ಚಾಗಿ ಯುರೋಪ್ ಮೂಲದವರ ಮಾಹಿತಿಯಿಂದ. ನಾನು ಒಟ್ಟು ಮೊತ್ತವನ್ನು ಪಕ್ಕಕ್ಕಿಟ್ಟು ತುಂಡುಗಳನ್ನು ನೋಡಿದೆ. ಒಂದು ತುಂಡು 24; ಉಳಿದವೆಲ್ಲ ಏಳು, ಎಂಟು, ಒಂಬತ್ತರ ಚೂರುಗಳು.

ನಮ್ಮ ಸೀಮೆಯವರು ಗಟ್ಟಿಯಾಗಿ ಹಿಡಿದುಕೊಳ್ಳಬೇಕಾದ ಸಂಗತಿ ಇಲ್ಲಿದೆ. ಪ್ರತಿ ತಲೆಮಾರಿನಲ್ಲೂ ಡಿಎನ್‌ಎ ಕತ್ತರಿಸಿ ಬೆರೆಯುತ್ತದೆ, ತುಂಡುಗಳು ಸಣ್ಣವಾಗುತ್ತಾ ಹೋಗುತ್ತವೆ. ಹತ್ತಿರದ ಒಬ್ಬ ಪೂರ್ವಜನಿಂದ ಬಂದದ್ದು ಉದ್ದನೆಯ ತುಂಡಾಗಿರುತ್ತದೆ. ಒಂದೇ ಜಾತಿಯೊಳಗೆ, ಅದೇ ನಾಲ್ಕಾರು ಊರುಗಳೊಳಗೆ ನೂರಾರು ವರ್ಷ ಕೊಟ್ಟು ತಂದು ಮಾಡಿದವರಲ್ಲಿ ಹತ್ತು ಹಳೆಯ ದಾರಿಗಳಿಂದ ಹತ್ತು ಚೂರು ಬಂದು ಮೊತ್ತ ಉಬ್ಬುತ್ತದೆ. ನೂರು ರೂಪಾಯಿ ಚಿಲ್ಲರೆಯನ್ನು ನೂರರ ನೋಟು ಎಂದು ಎಣಿಸಿದ ಹಾಗೆ. ಹತ್ತಕ್ಕಿಂತ ಸಣ್ಣವನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇಪ್ಪತ್ತು ದಾಟಿದ ಒಂದಾದರೂ ಇದ್ದರೆ ಮಾತ್ರ ಕೂತು ಕೆಲಸ ಮಾಡುತ್ತೇನೆ. ಇದರಿಂದ ನನ್ನ ಪಟ್ಟಿಯ ಮುಕ್ಕಾಲು ಪಾಲು ಉದುರಿಹೋಯಿತು, ಉದುರಲಿ.

ಆ 24ರ ತುಂಡು ಒಂಬತ್ತನೇ ವರ್ಣತಂತುವಿನಲ್ಲಿತ್ತು. ಅಜ್ಜಿಯ ತಮ್ಮನ ಮೊಮ್ಮಗ ಒಬ್ಬ ಸಿಂಗಪುರದಲ್ಲಿದ್ದಾನೆ, ಅವನೂ ಪರೀಕ್ಷೆ ಮಾಡಿಸಿದ. ಅದೇ ಜಾಗದಲ್ಲಿ ಅವನು ಅವ್ವನಿಗೂ ಹೊಂದಿದ, ಆಫ್ರಿಕಾದವಳಿಗೂ ಹೊಂದಿದ. ಮೂವರೂ ಒಂದೇ ಕಡೆ ಕೂಡಿದರೆ ತುಂಡು ಅಜ್ಜಿ ಹುಟ್ಟಿದ ಮನೆಯದು ಎನ್ನಬಹುದು. ಆದರೆ ಅಜ್ಜಿಯ ಅಪ್ಪನಿಂದ ಬಂತೋ ಅವ್ವನಿಂದ ಬಂತೋ? ಅಜ್ಜಿಯ ಅವ್ವನೂ ಅಜ್ಜಿಯ ಗಂಡನೂ ಅಕ್ಕತಮ್ಮಂದಿರಲ್ಲವೇ! ಮೊದಲೇ ತೆಗೆದಿಟ್ಟ ಪಟ್ಟಿ ಕೈಗೆ ಬಂದದ್ದು ಇಲ್ಲಿ. ಈ ತುಂಡು ಅವ್ವನ ಎರಡೂ ಪ್ರತಿ ಒಂದೇ ಆಗಿರುವ ಜಾಗದೊಳಗೆ ಬಿದ್ದಿದ್ದರೆ ಅದು ಆ ಅಕ್ಕತಮ್ಮಂದಿರ ಮನೆತನದ್ದು ಎಂದಾಗಿ ನನ್ನ ಹುಡುಕಾಟ ಅಲ್ಲಿಗೇ ನಿಲ್ಲುತ್ತಿತ್ತು. ಬಿದ್ದಿರಲಿಲ್ಲ. ಇದೊಂದರಿಂದಲೇ ಏನೂ ಸಾಬೀತಾಗುವುದಿಲ್ಲ, ದಾರಿ ಮುಚ್ಚಿಲ್ಲ ಅಂತ ಮಾತ್ರ ಗೊತ್ತಾಯಿತು.

ಉಳಿದ ಕೆಲಸ ಕಾಗದದ್ದು. ಆಫ್ರಿಕಾದ ಆ ಹೆಣ್ಣುಮಗಳಿಗೆ ಮೇಲ್ ಹಾಕಿದೆ. ಆಕೆಯ ಬಳಿ ತನ್ನ ಪೂರ್ವಜ ಹೋದ ಹಡಗಿನ ಪಟ್ಟಿಯ ಪ್ರತಿ ಇತ್ತು. ಆ ಕಾಲದ ಗುಮಾಸ್ತರು ಹೆಸರು, ತಂದೆ ಹೆಸರು, ವಯಸ್ಸು, ಜಾತಿ, ಜಿಲ್ಲೆ, ತಾಲೂಕು, ಊರು, ಮೈಮೇಲಿನ ಗುರುತನ್ನು ಕೂಡ ಬರೆದಿಡುತ್ತಿದ್ದರು. ಜಿಲ್ಲೆ ಬಳ್ಳಾರಿ. ಅಷ್ಟಕ್ಕೇ ಹಿಗ್ಗುವಂತಿಲ್ಲ: 1953ಕ್ಕೆ ಮೊದಲು ಈಗ ಆಂಧ್ರದಲ್ಲಿರುವ ಆದೋನಿ, ಆಲೂರು, ರಾಯದುರ್ಗಗಳೂ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಊರಿನ ಹೆಸರು ಗುಮಾಸ್ತನ ಕಿವಿಗೆ ಬಿದ್ದಂತೆ ಇತ್ತು, ಜೋರಾಗಿ ಓದಿದರೆ ನಮ್ಮೂರೇ. ಆತನ ಹೆಸರು ಅವರ ಮನೆಯ ಅಡ್ಡಹೆಸರಾಗಿ, ಕೊನೆಯ ಅಕ್ಷರ ಸವೆದು ಹೋಗಿ, ಹನುಮಂತ ಗುರುತೇ ಸಿಗದಂತಾಗಿದ್ದ. ವರ್ಷ ಮಾತ್ರ ಬರದ ಕಾಲದ್ದಲ್ಲ, 1890ರ ಸುಮಾರಿನದ್ದು. ಅಜ್ಜಿಯ ಮನೆಯಲ್ಲಿ ಕಷ್ಟದ ಕಥೆಯೆಲ್ಲ ಧಾತು ಬರದ ಲೆಕ್ಕಕ್ಕೇ ಸೇರುತ್ತಿತ್ತು. ಎಲ್ಲ ಸರಿ ಇದ್ದರೆ ಆಕೆ ಅವ್ವನಿಗೆ ಮೂರನೇ ಕಸಿನ್‌ನ ಮಗಳು, ತಾಣ ಹೇಳಿದ್ದಕ್ಕಿಂತ ಸುಮಾರು ಒಂದು ತಲೆಮಾರು ದೂರ.

ಅಪ್ಪನ ಕಡೆ ಇಷ್ಟು ಸುಲಭವಿಲ್ಲ. ಕೊಪ್ಪಳ, ಗಂಗಾವತಿ ನಿಜಾಮರ ಸೀಮೆ. ಹಳೆಯ ಕಾಗದ ಉರ್ದುವಿನಲ್ಲಿ. ಅದು ಬೇರೆಯೇ ಕೆಲಸ.

ಒಂದು ಎಚ್ಚರ. ಜೆಡ್‌ಮ್ಯಾಚ್‌ನಲ್ಲಿ ಮತ್ತು ಇಂಥವೇ ಬೇರೆ ತಾಣಗಳಲ್ಲಿ ಹುಡುಕಿಯೇ ಕ್ಯಾಲಿಫೋರ್ನಿಯಾ ಪೊಲೀಸರು 2018ರಲ್ಲಿ ಹಳೆಯ ಸರಣಿ ಕೊಲೆಗಾರನೊಬ್ಬನನ್ನು ಹಿಡಿದರು. ಸುಳಿವು ಸಿಕ್ಕಿದ್ದು ಅವನ ದೂರದ ನೆಂಟರಿಂದ. 2019ರಲ್ಲಿ ನಿಯಮ ಬದಲಾಯಿತು, ಪೊಲೀಸರು ಅಪರಾಧಿಗಳನ್ನು ಹುಡುಕಲು ನಾವೇ ಒಪ್ಪಿಗೆ ಕೊಡಬೇಕು ಎಂದಾಯಿತು. ನಾನು ಒಪ್ಪಿಲ್ಲ. ಅವ್ವನ ಫೈಲ್ ಹಾಕಿದರೆ ಅವಳ ಅಕ್ಕತಂಗಿಯರ, ಅವರ ಮಕ್ಕಳ ಅರ್ಧ ಗುಟ್ಟನ್ನೂ ಹಾಕಿದಂತೆ. ರಾಯಚೂರಿನ ದೊಡ್ಡಮ್ಮ “ನಮ್ಮ ರಕ್ತ ಮಂದಿ ಕೈಯಾಗ ಯಾಕ ಕೊಡಬೇಕೋ ತಮ್ಮಾ?” ಎಂದಳು. ಆಕೆ ಬೇಡ ಎಂದಮೇಲೆ ಮುಗಿಯಿತು, ಮತ್ತೆ ಕೇಳಲಿಲ್ಲ.

ಈ ಸುಗ್ಗಿ ಮುಗಿದ ಮೇಲೆ ಹೆಳವರು ಬಂದರು. ಹಿಂದೆ ಎತ್ತಿನ ಮೇಲೆ ಬರುತ್ತಿದ್ದವರು ಈಗ ಬೈಕಿನಲ್ಲಿ. ಅವ್ವನ ತವರುಮನೆಯ ವಂಶಾವಳಿ ಅವರ ಪುಸ್ತಕದಲ್ಲಿದೆ. ನಾನು ಕೇಳಿದ ಸಾಲಿನಲ್ಲಿ ಅಣ್ಣತಮ್ಮ ಇಬ್ಬರ ಹೆಸರೂ ಇದ್ದವು, ತಮ್ಮನ ಮುಂದೆ ಮಾತ್ರ ಖಾಲಿ. ತಂದೆಯ ಹೆಸರು ಹಡಗಿನ ಪಟ್ಟಿಗೆ ಕೂಡಿತು. ಜೋಳ, ದುಡ್ಡು ಕೊಟ್ಟು ಆಫ್ರಿಕಾದ ಮಕ್ಕಳನ್ನು ಬರೆದುಕೊಳ್ಳಿ ಎಂದೆ. “ಬರಕೊಂತೀವ್ರಿ. ಆತನ ಹೇಣ್ತಿ ಯಾವ ಬೆಡಗು?” ಎಂದು ಅವಳ ಕುಲ ಕೇಳಿದರು. ಪಟ್ಟಿಯಲ್ಲಿ ಆತನ ಕೆಳಗಿನ ಸಾಲಿನಲ್ಲಿ ಒಬ್ಬ ಹೆಂಗಸಿದ್ದಾಳೆ, ಜಿಲ್ಲೆ ಕಡಪ. ಹೆಂಡತಿಯೋ, ಮದ್ರಾಸಿನ ಡಿಪೋದಲ್ಲಿ ಜೊತೆಯಾದವಳೋ ನೋಡಬೇಕು. ಡರ್ಬನ್ನಿನಲ್ಲಿ, ನನಗೆ ಪಟ್ಟಿ ಕಳಿಸಿದ ಆ ಹೆಣ್ಣುಮಗಳ ದೊಡ್ಡಪ್ಪ ಒಬ್ಬರು ಕಿಟ್ ಮಾಡಿಸಲು ಒಪ್ಪಿದ್ದಾರೆ.