ರೇಷ್ಮೆ ಮೊಟ್ಟೆಗಳು ಒಂದೇ ಬೆಳಗ್ಗೆ ಒಡೆಯಲು ಹೀಗೆ ಮಾಡಿ

ನೂರು ಚಿಟ್ಟೆ ಇಟ್ಟ ಮೊಟ್ಟೆ ತಂದರೆ ಮನೆಗೆ ಬರುವುದು ನಲವತ್ತು–ಐವತ್ತು ಸಾವಿರ ಹುಳು. ಅವು ಮೂರು ದಿನ ಬಿಡಿಬಿಡಿಯಾಗಿ ಹೊರಬಂದರೆ ಜ್ವರಕ್ಕೆ ಹೋಗುವುದೂ (ಪೊರೆ ಬಿಡಲು ಮೇವು ನಿಲ್ಲಿಸುವುದು) ಹಣ್ಣಾಗುವುದೂ (ಗೂಡು ಕಟ್ಟಲು ಸಿದ್ಧವಾಗುವುದು) ಬೇರೆ ಬೇರೆ ದಿನ. ಸೊಪ್ಪು, ಆಳು, ಹುಳು ಗೂಡು ಕಟ್ಟುವ ಚಂದ್ರಿಕೆ ಎಲ್ಲದರ ಲೆಕ್ಕ ತಪ್ಪುತ್ತದೆ. ಆಗ ಮೊಟ್ಟೆ ಕೊಟ್ಟವರನ್ನು ಬೈಯುವುದು ವಾಡಿಕೆ. ಕೊಪ್ಪಳ, ಬಳ್ಳಾರಿಯ ಬಿಸಿಲಿನಲ್ಲಿ ಮೊದಲು ನೋಡಬೇಕಾದದ್ದು ಮೊಟ್ಟೆ ಇಟ್ಟ ಕೋಣೆಯನ್ನು.

ಒಟ್ಟಿಗೆ ಹೊರಬರಲು ಕೀಟಗಳಿಗೆ ಅವುಗಳದೇ ದಾರಿಗಳಿವೆ. ಕಂದು ಬಣ್ಣದ ಒಂದು ಜಾತಿಯ ತಿಗಣೆ ಎಲೆಯಡಿ ಸುಮಾರು 28 ಮೊಟ್ಟೆಗಳನ್ನು ಅಂಟಿಸಿ ಇಡುತ್ತದೆ. ಒಂದರ ಚಿಪ್ಪು ಬಿರಿದ ಕಂಪನವೇ ಉಳಿದವಕ್ಕೆ ಕರೆ ಎಂದು ಜಪಾನಿನ ವಿಜ್ಞಾನಿಗಳು 2019ರಲ್ಲಿ ತೋರಿಸಿದರು. ತಡಮಾಡಿದ ಮೊಟ್ಟೆಯನ್ನು ಮೊದಲು ಹುಟ್ಟಿದ ಒಡಹುಟ್ಟುಗಳೇ ತಿನ್ನುವುದುಂಟು, ಅವಸರಕ್ಕೆ ಕಾರಣವಿದೆ! ರೇಷ್ಮೆ ಹುಳು ಕಾಯುವುದು ಬೆಳಕಿಗೆ. ಮೊಟ್ಟೆಯೊಳಗಿನ ಮರಿ ಹಗಲು–ರಾತ್ರಿಯ ಲೆಕ್ಕ ಇಟ್ಟುಕೊಂಡು ಬೆಳಗಿನ ಜಾವ ಹೊರಡುತ್ತದೆ. ನಮ್ಮ ಕೆಲಸ ಆ ಬೆಳಗನ್ನು ಎಲ್ಲಕ್ಕೂ ಒಂದೇ ಮಾಡುವುದು.

ಮೊಟ್ಟೆಯನ್ನು ತಂಪು ಹೊತ್ತಿನಲ್ಲಿ ತನ್ನಿ. ಬಸ್ಸಿನ ಎಂಜಿನ್ ಪಕ್ಕ, ಕೀಟನಾಶಕದ ಡಬ್ಬಿಯ ಜೊತೆ ಇಡಬೇಡಿ.

ಸೋಂಕು ನಿವಾರಿಸಿದ ಕೋಣೆಯಲ್ಲಿ ಮೊಟ್ಟೆಯನ್ನು ಒಂದೇ ಪದರವಾಗಿ ಹರಡಿ. ಉಷ್ಣತೆ 25 ಡಿಗ್ರಿ, ತೇವಾಂಶ ಶೇ 75–80 ಇರಬೇಕು. ಹೊರಗೆ 40 ದಾಟಿದಾಗ ಇದು ಸುಲಭವಲ್ಲ: ಕಿಟಕಿಗೆ ಒದ್ದೆ ಗೋಣಿತಟ್ಟು, ನೆಲದ ಮೇಲೆ ನೀರು ಚಿಮುಕಿಸಿದ ಮರಳು, ಗೋಡೆಗೆ ಒಂದು ಉಷ್ಣಮಾಪಕ. ಮಧ್ಯಾಹ್ನ ಕಾದು ರಾತ್ರಿ ತಣಿಯುವ ತಗಡಿನ ಸೂರು ಬೇಡವೇ ಬೇಡ.

ಮುಂದಿನದು ಕಣ್ಣಿನ ಕೆಲಸ. ದಿನಕ್ಕೊಮ್ಮೆ ಭೂತಗನ್ನಡಿ ಹಿಡಿದು ನೋಡಿ. ಒಡೆಯಲು ಎರಡು ದಿನ ಇರುವಾಗ ಮೊಟ್ಟೆಯ ಮೇಲೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ ಕಾಣುತ್ತದೆ. ಅದು ಮರಿಯ ತಲೆ. ಮರುದಿನ ಇಡೀ ಮೊಟ್ಟೆ ನೀಲಿ ಛಾಯೆಗೆ ತಿರುಗುತ್ತದೆ. ಹೆಚ್ಚಿನವುಗಳಲ್ಲಿ ಚುಕ್ಕೆ ಕಂಡ ಕೂಡಲೇ ಮೊಟ್ಟೆಯ ಹಾಳೆಗಳನ್ನು ಕಪ್ಪು ಕಾಗದ ಅಥವಾ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡಿ. ಕತ್ತಲಲ್ಲಿ ಮುಂದಿದ್ದವು ತಡೆಯುತ್ತವೆ, ಹಿಂದಿದ್ದವು ಬೆಳೆದು ಸರಿಸಮವಾಗುತ್ತವೆ. ಕುತೂಹಲಕ್ಕೆಂದು ನಡುವೆ ಮುಚ್ಚಳ ತೆಗೆದರೆ ಕಾದದ್ದು ವ್ಯರ್ಥ.

ಒಡೆಯಬೇಕಾದ ದಿನ ಬೆಳಗ್ಗೆ ಐದು–ಆರರ ಹೊತ್ತಿಗೆ ಬಿಚ್ಚಿ, ಟ್ಯೂಬ್‌ಲೈಟ್ ಹಾಕಿ. ನೇರ ಬಿಸಿಲು ತಾಗಬಾರದು. ಒಂದೆರಡು ತಾಸಿನಲ್ಲಿ ಹಾಳೆ ಕಪ್ಪು ಹುಳುಗಳಿಂದ ಅಲುಗತೊಡಗುತ್ತದೆ. ಮೇಲೆ ಬಲೆ ಹಾಸಿ, ಎಳೆ ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಉದುರಿಸಿ. ಹುಳುಗಳು ತಾವೇ ಹತ್ತುತ್ತವೆ. ಬಿಸಿಲೇರುವ ಮೊದಲೇ ಚಾಕಿ ಕಟ್ಟಿ, ಅಂದರೆ ಹುಳುಗಳನ್ನು ಸಾಕುವ ತಟ್ಟೆಗೆ ಸಾಗಿಸಿ, ಮುಗಿಸಿ.

ಒಡೆಯದೆ ಉಳಿದವನ್ನು ಮತ್ತೆ ಕತ್ತಲಿಗೆ ಇಟ್ಟು ಮರುದಿನ ಬೆಳಗ್ಗೆ ತೆರೆಯಿರಿ. ಆ ಹುಳುಗಳನ್ನು ಬೇರೆ ತಟ್ಟೆಯಲ್ಲೇ ಸಾಕಿ.