ಹಳೇ ಲಾರಿಯ ತುಕ್ಕು: ಪುಟ್ಟಿ ಕೊನೆಗೆ, ನೀರಿನ ದಾರಿ ಮೊದಲು

ಹದಿನೈದು ವರ್ಷ ದುಡಿದ ಟಾಟಾ 407 ಲಾರಿ ಅಥವಾ ಪಿಕಪ್ ಗಾಡಿಯನ್ನು ಅವಸರದಲ್ಲಿ ಟಿಂಕರಿಂಗ್‌ಗೆ ಬಿಟ್ಟರೆ ಆಗುವುದು ಇಷ್ಟೇ: ತೂತಿನ ಮೇಲೊಂದು ತಗಡು, ತಗಡಿನ ಮೇಲೆ ಪುಟ್ಟಿ, ಪುಟ್ಟಿಯ ಮೇಲೆ ಬಣ್ಣ. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಪರೀಕ್ಷೆಯ ದಿನ ಗಾಡಿ ಮದುಮಗನ ಹಾಗೆ ಕಾಣುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಜಾಗದಲ್ಲಿ ಬಣ್ಣ ಗುಳ್ಳೆ ಎದ್ದಿರುತ್ತದೆ. ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ತಗಡು ತಿಂದು ಮುಗಿದಿರುತ್ತದೆ. ತುಕ್ಕು ಶುರುವಾಗುವುದು ಒಳಮೈಯಲ್ಲಿ, ನೀರು ನಿಂತ ಜಾಗದಲ್ಲಿ. ಆ ನೀರಿಗೆ ದಾರಿ ಮಾಡಿಕೊಡದೆ ಏನು ಮೆತ್ತಿದರೂ ದಂಡ.

ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ಮೇ ತಿಂಗಳಲ್ಲಿ ಸಂಜೆ ಮಳೆ ಹೇಳದೆ ಕೇಳದೆ ಬರುತ್ತದೆ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಮುಟ್ಟಲೇಬೇಡಿ. ಉಜ್ಜಿ ಬೆಳ್ಳಗೆ ಮಾಡಿದ ತಗಡಿನ ಮೇಲೆ ತೇವದ ಗಾಳಿಗೆ ಒಂದೇ ರಾತ್ರಿಯಲ್ಲಿ ಕೆಂಪು ಪುಡಿ ಕೂರುತ್ತದೆ.

ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ

ಸೀಟು, ಮ್ಯಾಟು, ಅದರ ಕೆಳಗಿನ ಫೆಲ್ಟು ಎಲ್ಲ ತೆಗೆದು ಹೊರಗೆ ಹಾಕಿ. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಲಿ. ಕೆಳಗಿನಿಂದ ಮೇಲಕ್ಕೆ ಬನ್ನಿ: ಮೊದಲು ಬಾಗಿಲು, ಆಮೇಲೆ ಮುಂದಿನ ಗ್ಲಾಸು, ಕೊನೆಗೆ ಟಾಪು. ಒಂದೇ ಸಲ ಮೇಲಿನಿಂದ ಸುರಿದರೆ ನೀರು ಎಲ್ಲಿಂದ ಬಂತೆಂದು ಗೊತ್ತಾಗುವುದಿಲ್ಲ.

ಹೆಚ್ಚಿನ ಗಾಡಿಗಳಲ್ಲಿ ಕಳ್ಳ ಸಿಗುವುದು ಮುಂದಿನ ಗ್ಲಾಸಿನ ರಬ್ಬರ್ ಬೀಡಿಂಗ್ ಕೆಳಗಿನ ಎರಡು ಮೂಲೆಗಳಲ್ಲಿ. ರಬ್ಬರು ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ, ನೀರು ಒಳಗೊಳಗೇ ಇಳಿದು ಡ್ರೈವರ್ ಕಾಲ ಕೆಳಗಿನ ಫೆಲ್ಟಿನಲ್ಲಿ ಸೇರುತ್ತದೆ. ಫೆಲ್ಟು ಸ್ಪಂಜಿನ ಹಾಗೆ ವಾರಗಟ್ಟಲೆ ಒದ್ದೆ ಇರುತ್ತದೆ, ಮೇಲಿನ ಮ್ಯಾಟು ಮಾತ್ರ ಒಣಗಿಯೇ ಇರುತ್ತದೆ. ಎರಡನೆಯ ಜಾಗ ಬಾಗಿಲಿನ ತಳ. ಗ್ಲಾಸಿನ ಪಕ್ಕದಿಂದ ಬಾಗಿಲೊಳಗೆ ನೀರು ಇಳಿಯುವುದು ಸಹಜ, ಅದು ಹೋಗಲೆಂದೇ ತಳದಲ್ಲಿ ತೂತುಗಳಿರುತ್ತವೆ. ದೂಳು, ಗ್ರೀಸು, ಹಿಂದಿನ ಸಲದ ಪುಟ್ಟಿ ಸೇರಿ ಅವು ಮುಚ್ಚಿಹೋಗಿರುತ್ತವೆ. ಆಮೇಲೆ ಫುಟ್‌ಬೋರ್ಡ್‌ನ ಒಳಮೂಲೆ, ಮಡ್‌ಗಾರ್ಡ್ ಮತ್ತು ಕ್ಯಾಬಿನ್ ಸೇರುವ ಸಂದು, ಬ್ಯಾಟರಿ ಪೆಟ್ಟಿಗೆ. ಹಿಂದಿನ ಬಾಡಿಯಲ್ಲಿ ಹಲಗೆಯೂ ಕಬ್ಬಿಣದ ಅಡ್ಡಪಟ್ಟಿಯೂ ಮುಟ್ಟುವ ಜಾಗ ಬಿಚ್ಚಿ ನೋಡಿ. ಗಾಡಿ ಗೊಬ್ಬರದ ಚೀಲ ಹೊತ್ತಿದ್ದರೆ ಅಲ್ಲಿ ತುಕ್ಕು ಎರಡರಷ್ಟು ಇರುತ್ತದೆ, ಯಾಕೆಂದರೆ ಉದುರಿದ ಗೊಬ್ಬರ ಗಾಳಿಯ ತೇವವನ್ನೂ ಎಳೆದುಕೊಂಡು ಒದ್ದೆಯಾಗಿಯೇ ಇರುತ್ತದೆ.

ಈಗ ಹಳೆಯ ಸ್ಕ್ರೂಡ್ರೈವರ್ ತೆಗೆದುಕೊಂಡು ಅನುಮಾನ ಬಂದಲ್ಲೆಲ್ಲ ಚುಚ್ಚಿ, ಸುತ್ತಿಗೆಯಿಂದ ತಟ್ಟಿ. ಒಳ್ಳೆಯ ತಗಡು ಠಣ್ ಎನ್ನುತ್ತದೆ, ಸತ್ತದ್ದು ದಪ್ ಎನ್ನುತ್ತದೆ. ಪುಟ್ಟಿ ತುಂಬಿದ ಜಾಗವೂ ದಪ್ ಎನ್ನುತ್ತದೆ. ಅಲ್ಲಿ ಅಯಸ್ಕಾಂತ ಇಟ್ಟರೆ ಹಿಡಿಯದೆ ಜಾರುತ್ತದೆ. ಚಾಕ್‌ಪೀಸಿನಲ್ಲಿ ಗುರುತು ಹಾಕಿ. ನೀವು ಅಂದುಕೊಂಡಿದ್ದಕ್ಕಿಂತ ಗುರುತು ದೊಡ್ಡದಾಗುತ್ತದೆ, ಗಾಬರಿ ಬೇಡ.

ಒಂದು ಗೆರೆ ಇಲ್ಲೇ ಎಳೆದುಬಿಡಿ. ಚಾಸಿಸ್‌ನ ಉದ್ದದ ಎರಡು ಫ್ರೇಮುಗಳಲ್ಲಿ, ಸ್ಪ್ರಿಂಗ್ ಹ್ಯಾಂಗರ್ ಹತ್ತಿರ, ಸ್ಟೇರಿಂಗ್ ಬಾಕ್ಸ್ ಕೂತ ಜಾಗದಲ್ಲಿ ಬಿರುಕು ಅಥವಾ ಪದರ ಪದರವಾಗಿ ಏಳುವ ತುಕ್ಕು ಕಂಡರೆ ಅದು ಮನೆಯಲ್ಲಿ ಮಾಡುವ ಕೆಲಸವಲ್ಲ. ಫ್ರೇಮಿನ ಮೇಲಿನ ಮತ್ತು ಕೆಳಗಿನ ಮಡಿಕೆಗಳ ಮೇಲೆ ತಪ್ಪು ಜಾಗದಲ್ಲಿ ಬೆಸುಗೆ ಹಾಕಿದರೆ ಅದರ ಪಕ್ಕದಲ್ಲೇ ಹೊಸ ಬಿರುಕು ಹುಟ್ಟುತ್ತದೆ. ಚಾಸಿಸ್ ಕೆಲಸ ಗೊತ್ತಿರುವವರಿಗೇ ಕೊಡಿ. ಇನ್ನೊಂದು, ಚಾಸಿಸ್ ನಂಬರ್ ಒತ್ತಿರುವ ಜಾಗ ಎಲ್ಲಿದೆ ಎಂದು ಆರ್‌ಸಿ ಹಿಡಿದು ನೋಡಿ, ಅದರ ಮೇಲೆ ಟೇಪ್ ಅಂಟಿಸಿ. ಗ್ರೈಂಡರ್ ಅಲ್ಲಿ ತಾಗಿ ಅಕ್ಷರ ಅಳಿಸಿದರೆ ಆರ್‌ಟಿಒ ಮುಂದೆ ವಿವರಿಸುವುದು ತುಕ್ಕು ತೆಗೆಯುವುದಕ್ಕಿಂತ ಕಷ್ಟ.

ಸಾಮಾನು

ಕ್ಯಾಬಿನ್ನಿನ ಎರಡೂ ಕಡೆ ಕಾಲ ತಳ ಮತ್ತು ಎರಡು ಬಾಗಿಲಿನ ತಳ, ಇಷ್ಟು ಕೆಲಸಕ್ಕೆ ಲೆಕ್ಕ ಹೀಗೆ. 20 ಗೇಜ್ ಸಿಆರ್ (ಕೋಲ್ಡ್ ರೋಲ್ಡ್) ಉಕ್ಕಿನ ಶೀಟ್ (0.9 ಮಿ.ಮೀ.) ಎರಡು ಅಡಿಗೆ ನಾಲ್ಕು ಅಡಿ, ಸುಮಾರು 5 ಕಿಲೋ ತೂಗುತ್ತದೆ. ಕಾಲಿಟ್ಟು ಹತ್ತುವ ಜಾಗಕ್ಕೆ 18 ಗೇಜ್ (1.2 ಮಿ.ಮೀ.) ಒಂದು ತುಂಡು. ಹಳೆಯ ತಗಡನ್ನು ಕತ್ತರಿಸಿದ ಮೇಲೆ ಒಳ್ಳೆಯ ಅಂಚನ್ನು ವರ್ನಿಯರ್‌ನಲ್ಲಿ ಅಳೆದು ಅದೇ ಗೇಜಿಗೆ ಹೋಗುವುದು ಇನ್ನೂ ಸರಿ. ತೆಳು ತಗಡಿನ ಪಕ್ಕ ದಪ್ಪ ತುಂಡು ಇಟ್ಟರೆ ಬೆಸುಗೆ ಹಾಕುವಾಗ ತೆಳುವಾದದ್ದು ಕರಗಿ ಓಡುತ್ತದೆ. ಸತುವು ಲೇಪಿಸಿದ ಜಿಐ ಶೀಟ್ ತುಕ್ಕು ಹಿಡಿಯುವುದಿಲ್ಲವೆಂದು ಅದನ್ನೇ ಕೇಳುವವರಿದ್ದಾರೆ. ಅದರ ಸತುವು ಸುಟ್ಟು ಬರುವ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ. ಹಾಕಲೇಬೇಕಿದ್ದರೆ ಬೆಸುಗೆಯ ಅಂಚಿನಲ್ಲಿ ಒಂದು ಇಂಚು ಸತುವನ್ನು ಉಜ್ಜಿ ತೆಗೆಯಿರಿ.

ನಾಲ್ಕು ಇಂಚಿನ ಗ್ರೈಂಡರ್, 1 ಮಿ.ಮೀ. ದಪ್ಪದ ಕಟಿಂಗ್ ವೀಲ್ ಹತ್ತು, 60 ನಂಬರಿನ ಫ್ಲಾಪ್ ಡಿಸ್ಕ್ ನಾಲ್ಕು, ವೈರ್ ಕಪ್ ಎರಡು. ಎಪಾಕ್ಸಿ ಪ್ರೈಮರ್ ಹಾರ್ಡ್‌ನರ್ ಸಮೇತ ಒಂದು ಲೀಟರ್. ಪಾಲಿಯೆಸ್ಟರ್ ಪುಟ್ಟಿ ಒಂದು ಕಿಲೋ. ಅದು ಸಾಲದು ಅನ್ನಿಸಿದರೆ ತಗಡಿನ ಕೆಲಸ ಸರಿಯಾಗಿಲ್ಲ ಎಂದು ಅರ್ಥ. ಸಂದು ಮುಚ್ಚುವ ಪಿಯು (ಪಾಲಿಯುರೆಥೇನ್) ಸೀಮ್ ಸೀಲರ್ ಎರಡು ಟ್ಯೂಬ್, ಒಳಟೊಳ್ಳಿಗೆ ಹೊಡೆಯುವ ಮೇಣ ಅಂದರೆ ಕ್ಯಾವಿಟಿ ವ್ಯಾಕ್ಸ್ ಎರಡು ಕ್ಯಾನ್. ಗ್ರೈಂಡರ್, ಡಿಸ್ಕ್, ಗ್ಲೌಸ್ ಎಲ್ಲ ಎಸ್‌ಪಿ ರೋಡ್‌ನಲ್ಲಿ ಸಿಗುತ್ತವೆ. ಬೀಡಿಂಗ್, ಬಾಗಿಲಿನ ಕ್ಲಿಪ್ಪು, ಬಾಡಿ ಪಾರ್ಟ್ಸಿಗೆ ಜೆಸಿ ರೋಡ್. ಬಾಗಿಲಿನ ತಳ ಮೂರು ನಾಲ್ಕು ಕಡೆ ತೂತು ಬಿದ್ದು ಒಳಚೌಕಟ್ಟೂ ಹೋಗಿದ್ದರೆ ತೇಪೆ ಹಾಕುತ್ತಾ ಕೂರಬೇಡಿ. ಶಿವಾಜಿನಗರದ ಗುಜರಿಯಲ್ಲಿ ಗಟ್ಟಿ ಬಾಗಿಲು ಹುಡುಕಿ. ಕೊಳ್ಳುವ ಮೊದಲು ಅದಕ್ಕೂ ಅದೇ ಸ್ಕ್ರೂಡ್ರೈವರ್ ಪರೀಕ್ಷೆ ಮಾಡಿ.

ವೆಲ್ಡಿಂಗ್ ಮಷಿನ್ ಬಗ್ಗೆ ಮಾತ್ರ ರಾಜಿ ಬೇಡ. ಗೇಟು ಗ್ರಿಲ್ಲು ಮಾಡುವ ರಾಡ್ ವೆಲ್ಡಿಂಗ್ ಈ ತಗಡಿಗೆ ಆಗುವುದಿಲ್ಲ, ಮುಟ್ಟಿದ ಕೂಡಲೇ ತೂತು. ಬೇಕಾದ್ದು ಮಿಗ್, ನಮ್ಮ ಶೆಡ್ಡುಗಳ ಭಾಷೆಯಲ್ಲಿ ಸಿಒಟು ವೆಲ್ಡಿಂಗ್. 0.8 ಮಿ.ಮೀ. ವೈರು, ಗ್ಯಾಸು ನಿಮಿಷಕ್ಕೆ 10ರಿಂದ 12 ಲೀಟರ್. ಬಾಡಿಗೆಗೆ ಸಿಕ್ಕರೆ ಒಳ್ಳೆಯದು. ಗ್ಯಾಸಿಲ್ಲದ ಫ್ಲಕ್ಸ್ ವೈರು ಗಾಳಿಯಲ್ಲೂ ನಡೆಯುತ್ತದೆ, ಆದರೆ 0.9 ಮಿ.ಮೀ. ತಗಡಿನ ಮೇಲೆ ಕಿಡಿ ಜಾಸ್ತಿ, ತೂತು ಜಾಸ್ತಿ. ಎಕ್ಸ್‌ಟೆನ್ಷನ್ ವೈರು 2.5 ಚದರ ಮಿ.ಮೀ.ಗಿಂತ ತೆಳು ಇದ್ದರೆ ಕರೆಂಟ್ ಇಳಿದು ಬೆಸುಗೆ ಹಿಡಿಯುವುದೇ ಇಲ್ಲ. ತಪ್ಪು ಮಷಿನ್ನಿನ ಮೇಲೆ ಬರುತ್ತದೆ.

ಕತ್ತರಿಸುವ ಮುನ್ನ

ಬ್ಯಾಟರಿಯ ಎರಡೂ ಟರ್ಮಿನಲ್ ಬಿಚ್ಚಿ. ಗಾಡಿಗೆ ಇಸಿಯು (ಎಂಜಿನ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಇದ್ದರೆ ಅದರ ಪ್ಲಗ್ಗೂ ತೆಗೆಯಿರಿ. ಅರ್ಥ್ ಕ್ಲಾಂಪನ್ನು ಬೆಸುಗೆ ಹಾಕುವ ತಗಡಿಗೇ, ಗೇಣು ದೂರದಲ್ಲಿ ಹಿಡಿಸಿ. ಚಾಸಿಸ್‌ನ ಎಲ್ಲೋ ಮೂಲೆಗೆ ಹಿಡಿಸಿದರೆ ಕರೆಂಟು ಬೇರಿಂಗ್ ಮೂಲಕ ಹರಿದು ಅದನ್ನು ಹಾಳು ಮಾಡಬಹುದು. ತಗಡಿನ ಆಚೆ ಬದಿಯಲ್ಲಿ ಏನಿದೆ ನೋಡಿ: ವೈರಿಂಗ್, ಬ್ರೇಕ್ ಪೈಪು, ಡೀಸೆಲ್ ಪೈಪು. ಹತ್ತಿರದಲ್ಲಿದ್ದರೆ ಸರಿಸಿ, ಟ್ಯಾಂಕ್ ಹತ್ತಿರವಿದ್ದರೆ ಇಳಿಸಿ ದೂರ ಇಡಿ. ಖಾಲಿ ಟ್ಯಾಂಕಿನೊಳಗಿನ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯ. ಒಂದು ಬಕೆಟ್ ನೀರು, ಒಂದು ಫೈರ್ ಸಿಲಿಂಡರ್ ಕೈಗೆಟಕುವಂತಿರಲಿ. ಬೆಸುಗೆ ಮುಗಿದ ಮೇಲೂ ಒಂದು ಗಂಟೆ ಗಾಡಿ ಬಿಟ್ಟು ಹೋಗಬೇಡಿ; ಟಾಪಿನ ಒಳಗಿನ ಫೆಲ್ಟು ಸದ್ದಿಲ್ಲದೆ ಕೆಂಡವಾಗಿರುತ್ತದೆ.

ಕತ್ತರಿಸಿ, ತುಂಡು ಕೂರಿಸಿ

ಚಾಕಿನ ಗುರುತಿನಿಂದ ಇನ್ನೂ ಒಂದು ಇಂಚು ಹೊರಗೆ, ಎರಡೂ ಬದಿ ಹೊಳೆಯುವ ತಗಡು ಸಿಗುವವರೆಗೆ ಕತ್ತರಿಸಿ. ಜಿಪುಣತನ ಮಾಡುವ ಜಾಗ ಇದಲ್ಲ. ಅಂಚು ಕಾಗದದಷ್ಟು ತೆಳುವಾಗಿದ್ದರೆ ಬೆಸುಗೆ ಅದನ್ನು ತಿನ್ನುತ್ತಾ ಹೋಗುತ್ತದೆ, ನೀವು ತೂತಿನ ಹಿಂದೆ ಓಡುತ್ತಾ ಹೋಗುತ್ತೀರಿ. ಆಕಾರ ಚೌಕವಿರಲಿ, ಆದರೆ ನಾಲ್ಕು ಮೂಲೆಗಳನ್ನು ಒಂದು ರೂಪಾಯಿ ನಾಣ್ಯ ಇಟ್ಟು ದುಂಡಗೆ ಮಾಡಿ. ಚೂಪು ಮೂಲೆ ಬೇಗ ಉರಿಯುತ್ತದೆ, ಮುಂದೆ ಬಿರುಕು ಶುರುವಾಗುವುದೂ ಅಲ್ಲಿಂದಲೇ.

ತೂತಿನ ಮೇಲೆ ರಟ್ಟು ಇಟ್ಟು ಆಕಾರ ತೆಗೆಯಿರಿ, ರಟ್ಟಿನಿಂದ ತಗಡಿಗೆ. ತುಂಡು ಕೂತಾಗ ಸುತ್ತ ತಗಡಿನ ದಪ್ಪದಷ್ಟೇ, ಹೆಚ್ಚೆಂದರೆ 1 ಮಿ.ಮೀ. ಸಂದು ಇರಬೇಕು. ಸಂದೇ ಇಲ್ಲದಿದ್ದರೆ ಬಿಸಿಗೆ ಹಿಗ್ಗಿದ ತುಂಡು ಉಬ್ಬಿ ನಿಲ್ಲುತ್ತದೆ, 2 ಮಿ.ಮೀ. ಇದ್ದರೆ ತುಂಬಿಸಲು ಆಗುವುದಿಲ್ಲ. ಎರಡೂ ಅಂಚುಗಳಲ್ಲಿ ಒಂದು ಇಂಚು ಬಣ್ಣ, ತುಕ್ಕು, ಎಣ್ಣೆ ಎಲ್ಲ ಹೋಗಬೇಕು. ಬಣ್ಣದ ಮೇಲೆ ಹಾಕಿದ ಬೆಸುಗೆ ಒಳಗೆ ಜೇನುಗೂಡಿನ ಹಾಗಿರುತ್ತದೆ.

ಬೆಸುಗೆಯನ್ನು ಉದ್ದಕ್ಕೆ ಎಳೆಯಲೇಬೇಡಿ. ಒಂದೊಂದು ಸೆಕೆಂಡಿನ ಚುಕ್ಕೆ. ನಾಲ್ಕು ಮೂಲೆಗೆ ನಾಲ್ಕು, ಆಮೇಲೆ ಎದುರುಬದುರು ಬದಿಗಳಲ್ಲಿ ಇಂಚಿಗೊಂದರಂತೆ, ಆಮೇಲೆ ಚುಕ್ಕೆಗಳ ನಡುವೆ ಚುಕ್ಕೆ. ಪ್ರತಿ ಸುತ್ತಿಗೂ ತಗಡು ಕೈಯಿಟ್ಟರೆ ಸುಡದಷ್ಟು ಆರಬೇಕು. ತಗಡು ಸೊಟ್ಟಗಾಗಲು ಕಾರಣ ಬೆಸುಗೆ ಆರುವಾಗ ಕುಗ್ಗುವುದು. ಒಂದೇ ಕಡೆ ಬಿಸಿ ಸೇರಿಸಿದಷ್ಟೂ ಸುತ್ತಲಿನ ತಗಡನ್ನು ಎಳೆಯುತ್ತದೆ. ಬೆಸುಗೆಯ ಹಿಂದೆ ಡಾಲಿ (ಆನಿಕೆಗೆ ಹಿಡಿಯುವ ಕಬ್ಬಿಣದ ಗಟ್ಟಿ) ಹಿಡಿದು ಸುತ್ತಿಗೆಯಿಂದ ಮೆಲ್ಲಗೆ ಬಡಿದರೆ ಕುಗ್ಗಿದ್ದು ಮತ್ತೆ ಸ್ವಲ್ಪ ಹಿಗ್ಗುತ್ತದೆ. ಎರಡು ಅಡಿ ಸುತ್ತಳತೆಯ ಒಂದು ತುಂಡಿಗೆ ಒಂದೂವರೆ ಗಂಟೆ ಹಿಡಿದರೆ ಸರಿಯಾದ ವೇಗ. ಇಪ್ಪತ್ತು ನಿಮಿಷದಲ್ಲಿ ಮುಗಿಸಿದ ತುಂಡು ಬಾಗಿಲ ಮೇಲೆ ಅಲೆಯಂತೆ ಕಾಣುತ್ತದೆ.

ಕಾಲ ತಳದಲ್ಲಿ ಮಾತ್ರ ತುಂಡಿನ ಅಂಚು ಹಳೆಯ ತಗಡಿನ ಮೇಲೆ ಅರ್ಧ ಇಂಚು ಬರುವಂತೆ ಹಾಕಬಹುದು, ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಎರಡು ತಗಡುಗಳ ನಡುವಿನ ಸಂದು ನೀರಿಗೆ ಹೊಸ ಮನೆ. ಕೂರಿಸುವ ಮೊದಲೇ ಎರಡೂ ಮುಖಕ್ಕೆ ವೆಲ್ಡ್-ಥ್ರೂ (ಮೇಲೆಯೇ ಬೆಸುಗೆ ಹಾಕಬಹುದಾದ) ಜಿಂಕ್ ಪ್ರೈಮರ್, ಆಮೇಲೆ ಮೇಲೆ ಕೆಳಗೆ ಎರಡೂ ಕಡೆ ಸೀಲರ್.

ತೂತಾಗದೆ ಬರೀ ಗುಂಡಿ ಬಿದ್ದ ಜಾಗ

ವೈರ್ ಬ್ರಷ್ ತುಕ್ಕನ್ನು ಹೊಳೆಯಿಸುತ್ತದೆ, ತೆಗೆಯುವುದಿಲ್ಲ. ಗುಂಡಿಗಳ ತಳದಲ್ಲಿ ಕಪ್ಪು ಚುಕ್ಕೆ ಉಳಿದರೆ ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ರಿಮೂವರ್ ಹಚ್ಚಿ, ಒಣಗಲು ಬಿಡದೆ ಇಪ್ಪತ್ತು ನಿಮಿಷ ಇಟ್ಟು, ನೀರಿನಿಂದ ಚೆನ್ನಾಗಿ ತೊಳೆದು, ಬಿಸಿಲಲ್ಲಿ ಒಣಗಿಸಿ. ಆಸಿಡ್ ಉಳಿದರೆ ಎಪಾಕ್ಸಿ ಹಿಡಿಯುವುದಿಲ್ಲ. ಬಾತ್‌ರೂಮ್ ತೊಳೆಯುವ ಆಸಿಡ್ ಹಾಕುವವರಿದ್ದಾರೆ. ತುಕ್ಕು ನಿಮಿಷದಲ್ಲಿ ಹೋಗುತ್ತದೆ ನಿಜ, ಆದರೆ ಸಂದುಗಳಲ್ಲಿ ಉಳಿದ ಕ್ಲೋರೈಡು ಆರು ತಿಂಗಳಲ್ಲಿ ಬಡ್ಡಿ ಸಮೇತ ವಾಪಸ್ ತರುತ್ತದೆ.

ಪ್ರೈಮರ್, ಪುಟ್ಟಿ, ಬಣ್ಣ

ಬೆಳ್ಳಗಾದ ತಗಡನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೆವರಿನ ಉಪ್ಪು ಬೆರಳಚ್ಚಿನ ಆಕಾರದಲ್ಲೇ ತುಕ್ಕಾಗುತ್ತದೆ. ಥಿನ್ನರ್ ಬಟ್ಟೆಯಿಂದ ಒರೆಸಿ, ಅದು ಆರುವ ಮೊದಲೇ ಒಣ ಬಟ್ಟೆಯಿಂದ ಎತ್ತಿ. ಅದೇ ದಿನ ಎಪಾಕ್ಸಿ ಪ್ರೈಮರ್ ಎರಡು ಕೋಟು. ರೆಡ್ ಆಕ್ಸೈಡ್ ಅಗ್ಗ, ಆದರೆ ಅದು ಗೇಟಿಗೆ ಸರಿ. ಅದರ ಮೇಲೆ ಪಿಯು ಬಣ್ಣ ಹೊಡೆದರೆ ಥಿನ್ನರಿಗೆ ಅಡಿಯ ಪದರ ಸುಕ್ಕುಗಟ್ಟಿ ಏಳುತ್ತದೆ.

ಎಪಾಕ್ಸಿ ಗಟ್ಟಿಯಾದ ಮೇಲೆ 180 ನಂಬರ್ ಎಮರಿಯಿಂದ ಗೀರಿ, ಅದರ ಮೇಲೆ ಪುಟ್ಟಿ. 100 ಗ್ರಾಂ ಪುಟ್ಟಿಗೆ 2 ಗ್ರಾಂ ಹಾರ್ಡ್‌ನರ್. ನಮ್ಮ ಮಾರ್ಚ್ ಬಿಸಿಲಿಗೆ ಐದಾರು ನಿಮಿಷದಲ್ಲಿ ಗಟ್ಟಿಯಾಗುತ್ತದೆ, ನಿಂಬೆಹಣ್ಣಿನ ಗಾತ್ರಕ್ಕಿಂತ ಹೆಚ್ಚು ಕಲಸಬೇಡಿ. ಬೇಗ ಆಗಲೆಂದು ಹಾರ್ಡ್‌ನರ್ ಹೆಚ್ಚಿಸಿದರೆ ಮುಂದೆ ಬಿಳಿ ಬಣ್ಣದೊಳಗಿಂದ ಕಲೆ ಮೂಡುತ್ತದೆ. ದಪ್ಪ 3 ಮಿ.ಮೀ. ಮೀರಬಾರದು, ಲಾರಿ ಕುಲುಕುವ ಗಾಡಿ, ದಪ್ಪ ಪುಟ್ಟಿ ಹೆಕ್ಕಳವಾಗಿ ಬೀಳುತ್ತದೆ. ಮೊದಲು 80, ಆಮೇಲೆ 180, ಕೊನೆಗೆ 320, ಮರದ ಹಲಗೆಗೆ ಸುತ್ತಿ ಒಣದಾಗಿಯೇ ಉಜ್ಜಿ. ಪುಟ್ಟಿ ನೀರು ಕುಡಿಯುತ್ತದೆ, ನೀರು ಹಾಕಿ ಉಜ್ಜಿದರೆ ಅದು ನೇರ ತಗಡಿಗೆ ಇಳಿಯುತ್ತದೆ. ಉಜ್ಜಿದ ಮೇಲೆ ಮತ್ತೊಂದು ಕೋಟು ಪ್ರೈಮರ್.

ಸೀಲರನ್ನು ಪ್ರೈಮರ್ ಮೇಲೆ ಹಚ್ಚಿ, ಬರಿಯ ತಗಡಿನ ಮೇಲಲ್ಲ. ಬಾಗಿಲ ತಳದ ನೀರಿನ ತೂತುಗಳಲ್ಲಿ ಬೆಂಕಿಕಡ್ಡಿ ಸಿಕ್ಕಿಸಿ ಇಟ್ಟರೆ ಸೀಲರ್ ಮುಚ್ಚುವುದಿಲ್ಲ.

ಬಣ್ಣಕ್ಕೆ ಗನ್ 1.3 ಅಥವಾ 1.4 ಮಿ.ಮೀ. ನಾಝಲ್, ಗನ್ನಿನಿಂದ ತಗಡಿಗೆ ದೂರ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ, ಎರಡು ಮೂರು ತೆಳು ಕೋಟು, ಕೋಟಿನ ನಡುವೆ ಹತ್ತು ಹದಿನೈದು ನಿಮಿಷ. ಜನವರಿಯಲ್ಲಿ ಬೆಳಗಿನ ಇಬ್ಬನಿ ಆರಿ ಹತ್ತು ಗಂಟೆ ಕಳೆದ ಮೇಲೆ ಶುರು ಮಾಡಿ, ಮೂರಕ್ಕೆ ಗನ್ ತೊಳೆದಿಡಿ. ಪಿಯು ಹಾರ್ಡ್‌ನರಿನ ಆವಿ ಶ್ವಾಸಕೋಶಕ್ಕೆ ಕೆಟ್ಟದ್ದು. ಬಟ್ಟೆ ಮಾಸ್ಕ್ ಅದನ್ನು ತಡೆಯುವುದಿಲ್ಲ, ಆವಿಗೆಂದೇ ಇರುವ ಕಾರ್ಟ್ರಿಜ್ ಮಾಸ್ಕ್ ಬೇಕು. ಬಣ್ಣ ಅದೇ ಇದ್ದರೆ ತೊಂದರೆಯಿಲ್ಲ. ಬೇರೆ ಬಣ್ಣವಾದರೆ ಆರ್‌ಸಿಯಲ್ಲಿ ಬದಲಾಯಿಸಿಕೊಳ್ಳಬೇಕು.

ಎಲ್ಲ ಆರಿದ ಮೇಲೆ, ಬೆಸುಗೆಯ ಹಿಂಬದಿಗೆ ಮತ್ತು ಬಾಗಿಲೊಳಗೆ ಕ್ಯಾವಿಟಿ ವ್ಯಾಕ್ಸ್ ಉದ್ದ ಪೈಪಿನಿಂದ ಹೊಡೆಯಿರಿ. ಈ ಕೆಲಸವೇ ಹೆಚ್ಚಿನವರು ಬಿಡುವುದು. ಬೆಸುಗೆಯ ಹಿಂಬದಿಯ ಬಣ್ಣವೆಲ್ಲ ಸುಟ್ಟಿರುತ್ತದೆ, ವ್ಯಾಕ್ಸ್ ಬಿಟ್ಟರೆ ಅಲ್ಲಿಗೆ ಬೇರೆ ರಕ್ಷಣೆಯಿಲ್ಲ. ತಳಕ್ಕೆ ಹಳೇ ಎಂಜಿನ್ ಆಯಿಲ್ ಮತ್ತು ಡೀಸೆಲ್ ಬೆರೆಸಿ ಹೊಡೆಯುವ ಪದ್ಧತಿಯಿಂದ ತುಕ್ಕು ನಿಧಾನವಾಗುವುದು ಸುಳ್ಳಲ್ಲ. ಆದರೆ ಬುಷ್ಷು, ಹೋಸು ಮುಂತಾದ ರಬ್ಬರೆಲ್ಲ ಉಬ್ಬಿ ಹಾಳಾಗುತ್ತವೆ, ಮುಂದೆ ಯಾವ ಬಣ್ಣವೂ ಅಲ್ಲಿ ಹಿಡಿಯುವುದಿಲ್ಲ.

ಎಫ್‌ಸಿಗೆ ಹೋಗುವ ಮೊದಲು ರಿಫ್ಲೆಕ್ಟರ್ ಟೇಪ್ ಹೊಸದು ಅಂಟಿಸಿ: ಮುಂದೆ ಬಿಳಿ, ಪಕ್ಕ ಹಳದಿ, ಹಿಂದೆ ಕೆಂಪು. ಎಂಟು ವರ್ಷ ದಾಟಿದ ಗಾಡಿಗೆ ಎಫ್‌ಸಿ ವರ್ಷಕ್ಕೊಮ್ಮೆ ಬರುತ್ತದೆ, ಆ ಲೆಕ್ಕದಲ್ಲೇ ವರ್ಷಕ್ಕೊಮ್ಮೆ ಬಾಗಿಲ ತೂತುಗಳಿಗೆ ತಂತಿ ಹಾಕಿ. ಮೊದಲ ದೊಡ್ಡ ಮಳೆ ಬಿದ್ದ ಮಾರನೆಯ ದಿನ ಮ್ಯಾಟು ಎತ್ತಿ ಕೈಯಿಟ್ಟು ನೋಡಿ. ತೇವ ಇದ್ದರೆ ಬೀಡಿಂಗ್ ಇನ್ನೊಮ್ಮೆ ಬಿಚ್ಚಿ, ಆ ಸಲ ಎರಡೂ ಮೂಲೆಗೆ ಸೀಲರ್ ತುಂಬಿ ಕೂರಿಸಿ.