ಸ್ಪಾಟ್ ಕಲರ್ ಶೇಡು ಎರಡೇ ಪ್ಲೇಟಿನಲ್ಲಿ: ನನ್ನ ಅನುಭವ

ಕರದಂಟಿನ ಡಬ್ಬಿ, 5 ಸಾವಿರ. ಪ್ಯಾಂಟೋನ್ 1805 (ಮೊದಲೇ ಬೆರೆಸಿದ ಒಂದು ಕೆಂಪು ಇಂಕು, ಇಂಥದ್ದಕ್ಕೆ ಸ್ಪಾಟ್ ಕಲರ್ ಅಂತಾರೆ) ಮತ್ತು ಕಪ್ಪು, ಎರಡೇ ಬಣ್ಣ, ಬಣ್ಣಕ್ಕೊಂದು ಅಚ್ಚಿನ ಪ್ಲೇಟ್. ಮೇಲಿನ ಗಾಢ ಕೆಂಪು ಇಳಿಯುತ್ತಾ ಬೋರ್ಡಿನ ಬಿಳುಪಿಗೆ ಸೇರಬೇಕು. ‘ಸ್ಪಾಟಿನ್ಯಾಗ ಶೇಡ್ ನಿಲ್ಲಂಗಿಲ್ರೀ, ಫೋರ್ ಕಲರ್ ಮಾಡ್ಬಿಡ್ರಿ’ ಅಂತ ಬೆಳಗಾವಿಯಲ್ಲಿ ಕೇಳಿದವರೆಲ್ಲ ಹೇಳಿದರು. ಈಗ ನಿಂತಿದೆ.

ಮೊದಲ ಸಲ ಎರಡರ ಬದಲು ಐದು ಪ್ಲೇಟ್ ಬಂದವು. ಕೋರೆಲ್‌ನಲ್ಲಿ ಟ್ರಾನ್ಸ್‌ಪರೆನ್ಸಿಯಿಂದ (ಪಾರದರ್ಶಕತೆ) ಶೇಡ್ ಎಳೆದು ಪಿಡಿಎಫ್ 1.3 ಮಾಡಿದ್ದೇ ತಪ್ಪು. ಆ ಪಿಡಿಎಫ್ ಟ್ರಾನ್ಸ್‌ಪರೆನ್ಸಿ ಹಿಡಿಯುವುದಿಲ್ಲ, ಹಾಗಾಗಿ ಶೇಡ್ ಇದ್ದ ಜಾಗವೆಲ್ಲ ಸಿಎಂವೈಕೆ (ಫೋರ್ ಕಲರ್‌ನ ನಾಲ್ಕು ಇಂಕು) ಬಿಟ್‌ಮ್ಯಾಪ್ ಆಗಿ, ಬರೀ ಹೆಸರಿನ ಅಕ್ಷರ ಸ್ಪಾಟಿನಲ್ಲಿ ಉಳಿಯಿತು. ಪ್ಲೇಟಿಗೆ ಸುಮಾರು 300ರಂತೆ 1,500 ರೂಪಾಯಿ ನೀರಿಗೆ ಹೋಯಿತು.

ಎರಡನೇ ಸಲ ಇಲಸ್ಟ್ರೇಟರ್‌ನಲ್ಲಿ ಶೇಡಿನ ತುದಿಗೆ ಬಿಳಿ ಬಿಟ್ಟು ಅದೇ 1805ರ 0% ಟಿಂಟ್ (ಇಂಕನ್ನು ತೆಳು ಮಾಡಿದ ಪ್ರಮಾಣ) ಕೊಟ್ಟೆ. ಪ್ಲೇಟ್ ಎರಡೇ ಬಂದವು, ಆದರೆ ಶೇಡಿನಲ್ಲಿ ಪಟ್ಟಿ ಪಟ್ಟಿ. 3%ಗಿಂತ ಕೆಳಗಿನ ಡಾಟ್ (ತೆಳು ಬಣ್ಣ ತೋರಿಸುವ ಸಣ್ಣ ಚುಕ್ಕೆ) ಅಚ್ಚಿನಲ್ಲಿ ಹಿಡಿಯದೆ ತುದಿಯಲ್ಲಿ ಗೆರೆ ಎಳೆದ ಹಾಗೆ ಕತ್ತರಿಸಿತು. 200 ಶೀಟು ರದ್ದಿಗೆ.

ಕೊನೆಗೆ ಕೈ ಹಿಡಿದದ್ದು ಗ್ರೇಸ್ಕೇಲ್, ಅಂದರೆ ಕಪ್ಪು-ಬಿಳುಪಿನ ಚಿತ್ರ. ಫೋಟೋಶಾಪ್‌ನಲ್ಲಿ 16 ಬಿಟ್‌, 300 ಡಿಪಿಐನಲ್ಲಿ ಶೇಡ್ ಎಳೆದು, ಪಟ್ಟಿ ಕಾಣದಂತೆ 2% ನಾಯ್ಸ್ (ಸಣ್ಣ ಕಾಳುಕಾಳು) ಹಾಕಿ, ಆಮೇಲೆ 8 ಬಿಟ್ ಟಿಫ್. ಅದನ್ನು ಇಲಸ್ಟ್ರೇಟರ್‌ನಲ್ಲಿ ಎಂಬೆಡ್ ಮಾಡಿ 1805ರ ಸ್ವಾಚ್ (ಬಣ್ಣದ ಚೌಕ) ಒತ್ತಿದರೆ ಇಡೀ ಚಿತ್ರ ಒಂದೇ ಪ್ಲೇಟಿಗೆ ಕೂರುತ್ತದೆ. ತುದಿಯನ್ನು 4%ಗೆ ನಿಲ್ಲಿಸಿ ಸರಿಯಾಗಿ ಡಬ್ಬಿಯ ಮಡಿಕೆಗೆ ಮುಗಿಸಿದೆ, ಗೆರೆ ಕಾಣುವುದಿಲ್ಲ. ಬೋರ್ಡಿನ ಮೇಲೆ 50% ಡಾಟ್ ಹತ್ತಿರ ಹತ್ತಿರ 68% ಆಗಿ ಉಬ್ಬುತ್ತದೆ, ಹಾಗಾಗಿ ಶೇಡಿನ ನಡುವೆ 50ನ್ನು 36ರ ಸುಮಾರಿಗೆ ಇಳಿಸಿದೆ. ಸಿಟಿಪಿಯವರು (ಕಂಪ್ಯೂಟರಿನಿಂದ ನೇರ ಪ್ಲೇಟ್ ಮಾಡುವವರು) ಮೊದಲೇ ಈ ಉಬ್ಬು ಸರಿಪಡಿಸುವ ಕರ್ವ್ ಹಾಕುತ್ತಿದ್ದರೆ ಇಷ್ಟು ಇಳಿಸಬೇಡಿ, ತೆಳುವಾಗುತ್ತದೆ. ನಾಯ್ಸಿಗೆ ಮೊದಲು ನಾನು ಮಾಡುವ ಇನ್ನೊಂದು ಕೆಲಸವಿದೆ, ಅದನ್ನು ಇಲ್ಲಿ ಬಿಚ್ಚುವುದಿಲ್ಲ.

ಕರದಂಟಿನ ತುಂಡಿನ ಚಿತ್ರ ಕಪ್ಪಿನಲ್ಲಿ, ಶೇಡಿನ ಮೇಲೇ ಇದೆ. ಆರ್‌ಐಪಿ (ಫೈಲನ್ನು ಡಾಟ್ ಮಾಡುವ ಸಾಫ್ಟ್‌ವೇರ್) ಸ್ಪಾಟಿನ ಡಾಟ್ ಸಾಲುಗಳಿಗೂ ಕಪ್ಪಿನ 45 ಡಿಗ್ರಿಯನ್ನೇ ಕೊಟ್ಟಿತ್ತು, ಒಂದರ ಮೇಲೊಂದು ಕೂರದಂತೆ ಸ್ಪಾಟಿಗೆ 75 ಮಾಡಿಸಿದೆ. ಕಪ್ಪಿಗೆ ಓವರ್‌ಪ್ರಿಂಟ್ (ಕೆಳಗಿನ ಬಣ್ಣ ಕತ್ತರಿಸದೆ ಅದರ ಮೇಲೇ ಹೊಡೆಯುವುದು) ಕೊಡಲೇಬೇಕು. ಸ್ವಾಚಿನ ಹೆಸರು ಒಂದು ಕಡೆ ‘1805 ಸಿ’, ಇನ್ನೊಂದು ಕಡೆ ‘1805 ಸಿವಿಸಿ’ ಅಂತಿದ್ದರೆ ಒಂದೇ ಇಂಕಿಗೆ ಎರಡು ಪ್ಲೇಟ್ ಹೊರಡುತ್ತವೆ. ಅಕ್ರೋಬ್ಯಾಟಿನ ಔಟ್‌ಪುಟ್ ಪ್ರಿವ್ಯೂನಲ್ಲಿ ಕಪ್ಪನ್ನು ಆಫ್ ಮಾಡಿ ನೋಡಿ, ಶೇಡ್ ಪೂರ್ತಿ ಉಳಿಯಬೇಕು.

ಇದೇ ಶೇಡನ್ನು ಗೋಲ್ಡ್ ಇಂಕಿನಲ್ಲೂ ಹೊಡೆದು ನೋಡಿದೆ. 30%ಗಿಂತ ಕೆಳಗೆ ಹೊಳಪು ಸತ್ತು ಬೂದಿ ಬಣ್ಣ. ಅದಕ್ಕೆ ದಾರಿ ಇನ್ನೂ ಸಿಕ್ಕಿಲ್ಲ.